ದಡದಿಂದ ಕೂಗುವವಳು

ಮೊದಲೇ ಹೇಳಿಬಿಡುತ್ತೇನೆ, ಈ ಸರ್ಫಿಂಗ್ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಲಿಸ್ಬನ್ನಿನಿಂದ ಬರಲಿ, ಜರ್ಮನಿಯಿಂದ ಬರಲಿ, ಎಲ್ಲರೂ ಒಂದೇ ಜಾತಿ. ಕಾರಿನ ಬಾಗಿಲ ಮರೆಯಲ್ಲಿ ಅರ್ಧ ಬತ್ತಲೆ ನಿಂತು ಕಪ್ಪು ರಬ್ಬರ್ ಅಂಗಿಯೊಳಗೆ ಮೈ ತುರುಕುತ್ತಾರೆ. ಆಮೇಲೆ ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ನಮ್ಮ ಬಲೆಯ ಹಗ್ಗವನ್ನು ದಾಟಿಕೊಂಡೇ ಹೋಗುತ್ತಾರೆ. ಹಗ್ಗ ದಾಟಬಾರದು, ಸುತ್ತಿ ಹೋಗಬೇಕು. ಇಷ್ಟು ತಿಳಿಯದವರು ಸಮುದ್ರಕ್ಕೆ ಇಳಿಯುತ್ತಾರಂತೆ.

ಇಡೀ ಪೋರ್ಚುಗಲ್‌ನಲ್ಲಿ ನಮ್ಮ ದಡದ ಅಲೆಯಷ್ಟು ಸಾಧು ಅಲೆ ಇನ್ನೊಂದಿಲ್ಲ ಎಂದು ಟೆಲ್ಮು ಬೋರ್ಡು ಬರೆಸಿ ಹಾಕಿದ್ದಾನೆ. ಅವನು ಬೇಕರಿಯವನ ಮಗ. ಬ್ರೆಡ್ಡು ಸುಡುವುದು ಬಿಟ್ಟು ಈಗ ಅಲೆಯ ಮೇಲೆ ನಿಲ್ಲುವುದನ್ನು ಕಲಿಸುತ್ತಾನೆ. ಇಲ್ಲಿ ಅಲೆ ದೂರದಲ್ಲೇ ಒಡೆದು, ಸಿಟ್ಟೆಲ್ಲ ಕಳೆದುಕೊಂಡು, ಬರೀ ನೊರೆಯಾಗಿ ಮೆಲ್ಲಗೆ ಬರುತ್ತದೆ. ಹಲಗೆ ಮುಟ್ಟದವನೂ ಎರಡನೇ ದಿನಕ್ಕೆ ಎದ್ದು ನಿಲ್ಲುತ್ತಾನೆ ಎನ್ನುವುದು ಅವನ ಮಾತು. ನಿಲ್ಲಲಿ ಬಿಡಿ. ನೊರೆಯ ಮೇಲೆ ಮೂರು ಕ್ಷಣ ನಿಂತು, ಗೂಳಿ ಗೆದ್ದವರ ಹಾಗೆ ಕಿರುಚಿ, ದೊಪ್ಪನೆ ಬೀಳಲಿಕ್ಕೆ ಜರ್ಮನಿಯಿಂದ ಯಾಕೆ ಬರಬೇಕು?

ನನ್ನ ಹೆಸರು ಎತೆಲ್ವಿನಾ. ನಮ್ಮದು ರಂಪಣಿ ಕಂಪನಿ. ದೋಣಿಯವರು ಹಗ್ಗದ ಒಂದು ತುದಿಯನ್ನು ದಡದಲ್ಲಿ ಬಿಟ್ಟು ಅಲೆ ದಾಟಿ ಹೋಗಿ, ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಇನ್ನೊಂದು ತುದಿ ಹಿಡಿದು ವಾಪಸು ಬರುತ್ತಾರೆ. ಆಮೇಲೆ ಎರಡೂ ಕಡೆಯಿಂದ ಎಳೆಯುವುದು. ನನ್ನ ಅಜ್ಜಿಯ ಕಾಲದಲ್ಲಿ ಎತ್ತುಗಳು ಎಳೆಯುತ್ತಿದ್ದವು, ಈಗ ಟ್ರ್ಯಾಕ್ಟರ್ ಎಳೆಯುತ್ತದೆ, ಹೆಂಗಸರು ಹಗ್ಗ ಸುತ್ತುತ್ತಾರೆ. ನನ್ನ ಕೆಲಸ ಮಾತ್ರ ಬೇರೆ. ನಾನು ಕೂಗುವವಳು. ವಾಪಸಾಗುವ ದೋಣಿಗೆ ನೊರೆಯ ನಡುವೆ ದಡ ಸರಿಯಾಗಿ ಕಾಣುವುದಿಲ್ಲ, ಮಂಜಿದ್ದರಂತೂ ಏನೂ ಕಾಣುವುದಿಲ್ಲ. ಆಗ ದಡದಲ್ಲಿ ನಿಂತು 'ಈಚೆ ಬಾ, ಈಚೆ ಬಾ' ಎಂದು ಕೂಗುವವಳೊಬ್ಬಳು ಬೇಕು. ದೋಣಿ ಆ ದನಿಯನ್ನು ಹಿಡಿದು ಬರುತ್ತದೆ. ಅಜ್ಜಿ ಕೂಗಿದಳು, ಅಮ್ಮ ಕೂಗಿದಳು, ನಲವತ್ತು ವರ್ಷದಿಂದ ನಾನು ಕೂಗುತ್ತಿದ್ದೇನೆ. ಬಲೆ ಬಿಡುವ ಮುಂಚೆ ಕೆಂಪು ಬಾವುಟ ಏರಿಸುವುದೂ ನಾನೇ. ಬಾವುಟ ಏರಿತೆಂದರೆ ದಡದ ಎರಡು ಕಂಬಗಳ ನಡುವಿನ ನೀರು ಬಲೆಯದು, ಮಿಕ್ಕವರು ಜಾಗ ಖಾಲಿ ಮಾಡಬೇಕು.

ಇಷ್ಟು ವರ್ಷ ಕೂಗಿದರೂ ನಾನು ಮೊಣಕಾಲಿಗಿಂತ ಮೇಲೆ ನೀರಿಗಿಳಿದವಳಲ್ಲ. ನಮ್ಮ ಹೆಂಗಸರು ಯಾರೂ ಇಳಿಯುವುದಿಲ್ಲ. ಗಂಡಸರಿಗೂ ಈಜು ಬರುವುದಿಲ್ಲ. ಸಮುದ್ರಕ್ಕೆ ಬೇಕಾದವನನ್ನು ಅದು ತೆಗೆದುಕೊಂಡೇ ತೀರುತ್ತದೆ, ಈಜು ಕಲಿತರೆ ಸಾಯುವುದಕ್ಕೆ ಇನ್ನೊಂದು ಗಂಟೆ ಹಿಡಿಯುತ್ತದೆ, ಅಷ್ಟೇ. ಹಿರಿಯರು ಹೇಳಿದ್ದು ಇದು.

ಈಗ ದಿಯೊಲಿಂಡಾಳ ವಿಷಯಕ್ಕೆ ಬರುತ್ತೇನೆ. ಅವಳು ನನ್ನ ತಮ್ಮ ಅಬೀಲಿಯುವಿನ ಹೆಂಡತಿ. ತಮ್ಮ ಹೋಗಿ ಮೂರು ವರ್ಷವಾಯಿತು. ಇದೇ ದಡದಲ್ಲಿ, ಇದೇ ಕಂಬಗಳ ನಡುವೆ ಸಮುದ್ರ ಅವನನ್ನು ತೆಗೆದುಕೊಂಡಿತು. ಅಂದಿನಿಂದ ನಾವಿಬ್ಬರೂ ಕಪ್ಪು ಬಟ್ಟೆ. ಕಪ್ಪು ಲಂಗ, ಕಪ್ಪು ಶಾಲು, ತಲೆಗೆ ಕಪ್ಪು ವಸ್ತ್ರ, ಸಾಯುವ ತನಕ. ಬೆಳಿಗ್ಗೆ ಇಬ್ಬರೂ ಹಗ್ಗದ ಹತ್ತಿರ ಅಕ್ಕಪಕ್ಕ ನಿಲ್ಲುತ್ತಿದ್ದೆವು, ಭಾನುವಾರ ಚರ್ಚಿನ ಪೂಜೆ ಮುಗಿಸಿ ನಮ್ಮ ಮನೆಯಲ್ಲಿ ಕೋಸಿನ ಸಾರು, ಸುಟ್ಟ ಭೂತಾಯಿ ಮೀನು ತಿನ್ನುತ್ತಿದ್ದೆವು. ಅವಳು ಹೆಚ್ಚು ಮಾತಾಡುವವಳಲ್ಲ. ನನಗೆ ಮಾತಾಡಲಿಕ್ಕೆ ಬೇರೆ ಯಾರೂ ಇಲ್ಲ. ಮದುವೆಯಾದವಳಲ್ಲ ನಾನು, ತಮ್ಮನೇ ನನ್ನ ಸಂಸಾರ. ಅವನು ಹೋದ ಮೇಲೆ ಅವನ ನೆನಪು ಇಟ್ಟುಕೊಂಡಿರುವ ಇನ್ನೊಂದು ಜೀವ ಅಂದರೆ ಅವಳೊಬ್ಬಳೇ. ಅವಳೂ ಕೈಬಿಟ್ಟರೆ ನಾನು ಗೋಡೆಯ ಜೊತೆ ಮಾತಾಡಬೇಕು. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಅವಳು ಟೆಲ್ಮುವಿನ ಪಾಠಕ್ಕೆ ಸೇರಿದಳು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಮೀನು ಪೇಟೆಯಲ್ಲಿ ಯಾರೋ ನನಗೆ ಹೇಳಿದಾಗ ನಾನು ನಂಬಲಿಲ್ಲ, ಹೇಳಿದವಳಿಗೇ ನಾಲ್ಕು ಬೈದೆ. ಮರುದಿನ ಕಣ್ಣಾರೆ ಕಂಡೆ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ಇವಳು ಒಂದು ವರ್ಷ ಮೊದಲೇ ಶುರು ಮಾಡಿಕೊಂಡಿದ್ದಳು. ಸೊಂಟದ ತನಕ ನೀರಿನಲ್ಲಿ ಹಲಗೆ ಹಿಡಿದು ನಿಂತಿದ್ದಾಳೆ, ಸುತ್ತ ಮೊಮ್ಮಕ್ಕಳ ವಯಸ್ಸಿನವರು. ನೊರೆ ಬಂದಾಗ ಹಲಗೆಯ ಮೇಲೆ ಹೊಟ್ಟೆ ಹಾಕಿ ಮಲಗಿದಳು, ಕೈಯಲ್ಲಿ ನೀರು ಬಗೆದಳು, ಮಂಡಿಯೂರಿ ಎದ್ದಳು, ಬಿದ್ದಳು. ಮೇಲೆ ಬಂದು ನಕ್ಕಳು. ಬಿದ್ದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ, ನಕ್ಕದ್ದಕ್ಕೆ ಬಂತು. ಎರಡು ವರ್ಷ ನನ್ನ ಎದುರು ಕೂತು ಉಂಡವಳು ಒಂದು ದಿನವೂ ಹಲ್ಲು ತೋರಿಸಿರಲಿಲ್ಲ.

ಕಪ್ಪು ಬಿಟ್ಟೆಯೇನೇ ಎಂದು ದಡದಲ್ಲೇ ಎಲ್ಲರೆದುರು ಕೇಳಿದೆ. ರಬ್ಬರ್ ಅಂಗಿ ತೋರಿಸಿ, ಇದೂ ಕಪ್ಪೇ ಅಲ್ವಾ ಅತ್ತಿಗೆ ಅಂದಳು. ಹಗ್ಗದ ಹೆಂಗಸರು ಬಾಯಿಗೆ ಶಾಲು ಹಿಡಿದು ನಕ್ಕರು. ನನ್ನ ಮೈಯೆಲ್ಲ ಉರಿದು ಹೋಯಿತು.

ಅಂದಿನಿಂದ ನಾನು ಅವಳನ್ನು ಸುಮ್ಮನೆ ಬಿಡಲಿಲ್ಲ. ಭಾನುವಾರದ ಊಟಕ್ಕೆ ಕರೆಯುವುದು ನಿಲ್ಲಿಸಿದೆ. ಬೀದಿಯಲ್ಲಿ ಎದುರಾದರೆ ನೆಲಕ್ಕೆ ಉಗಿದೆ. ಗಂಡ ಸತ್ತ ನೀರಿನಲ್ಲಿ ಕುಣಿಯುವವಳು ಎಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿದೆ, ಅವಳಿಗೆ ಕೇಳಿಸುವ ಹಾಗೆಯೇ ಹೇಳಿದೆ. ಅವಳು ಒಂದಕ್ಕೂ ಎದುರಾಡಲಿಲ್ಲ. ಮುಖ ತಗ್ಗಿಸಿ ಹೋಗುತ್ತಿದ್ದಳು, ಬೆಳಿಗ್ಗೆ ಎದ್ದು ಹಗ್ಗಕ್ಕೆ ಬರುತ್ತಿದ್ದಳು, ಕೆಲಸ ಮುಗಿಸಿ ಹಲಗೆ ಹೊತ್ತು ಹೋಗುತ್ತಿದ್ದಳು. ಎದುರಾಡಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ಟೆಲ್ಮುವಿನ ಪಾಠ ನಡೆಯುವುದು ಉತ್ತರದ ಕಂಬದ ಆಚೆ. ಅಲ್ಲಿ ಏನಾದರೂ ಮಾಡಿಕೊಳ್ಳಲಿ. ಆದರೆ ಈ ಬೇಸಗೆಯಲ್ಲಿ ಇವಳು ಒಬ್ಬಳೇ ನಮ್ಮ ಕಂಬಗಳ ನಡುವೆ ಬರತೊಡಗಿದಳು. ಕಂಬದಾಚೆಯಿಂದ ಹಲಗೆಯ ಮೇಲೆ ಮಲಗಿ ಸುತ್ತು ಹೊಡೆದು ಬಂದು, ದೂರದಲ್ಲಿ ಅಲೆ ಒಡೆಯುವ ಕಡೆ, ಸರಿಯಾಗಿ ತಮ್ಮ ಹೋದ ಜಾಗದಲ್ಲಿ, ಹಲಗೆಯನ್ನು ಪಕ್ಕಕ್ಕೆ ಹಿಡಿದುಕೊಂಡು ಇರುತ್ತಿದ್ದಳು. ದಡಕ್ಕೆ ಅವಳ ತಲೆ, ಹೆಗಲು ಮಾತ್ರ ಕಾಣುತ್ತಿತ್ತು. ಹಲಗೆಗೆ ಜೋತುಬಿದ್ದಿದ್ದಾಳೆ ಅಂದುಕೊಂಡೆ. ಎಷ್ಟೋ ಹೊತ್ತು ಹಾಗೇ ಇದ್ದು, ಆಮೇಲೆ ಒಂದು ಅಲೆ ಹಿಡಿದು, ಎದ್ದು ನಿಂತು, ಉದ್ದಕ್ಕೂ ಜಾರಿಕೊಂಡು ಹೋಗುತ್ತಿದ್ದಳು. ಚೆನ್ನಾಗಿಯೇ ಕಲಿತಿದ್ದಳು, ಹಾಳಾದವಳು.

ಅವಳನ್ನು ಆ ನೀರಿನಿಂದ ಓಡಿಸುವುದೊಂದೇ ನನಗೆ ಕೆಲಸವಾಯಿತು. ಬಾವುಟ ನನ್ನ ಕೈಯಲ್ಲಿತ್ತಲ್ಲ. ಬಲೆ ಬಿಡುವುದು ಹತ್ತಕ್ಕಾದರೆ ಎಂಟಕ್ಕೇ ಏರಿಸಿದೆ. ಒಂದು ದಿನ ಬಲೆ ಇಲ್ಲದಿದ್ದರೂ ಏರಿಸಿದೆ. ಬಾವುಟ ಕಂಡೊಡನೆ ಅವಳು ಹೊರಟುಹೋಗುತ್ತಿದ್ದಳು, ಇಳಿಸಿದ ಮೇಲೆ ಮತ್ತೆ ಬರುತ್ತಿದ್ದಳು.

ಕೊನೆಗೆ ನಮ್ಮ ತಂಡೇಲ ಒರಾಸಿಯು ನನ್ನನ್ನು ಕರೆದ. ದೋಣಿಯ ಯಜಮಾನಿಕೆ ಅವನದೇ. ತಮ್ಮ ಹೋದ ದಿನವೂ ಅದೇ ದೋಣಿಯಲ್ಲಿದ್ದವನು. ಹಗ್ಗದ ಗಂಟು ಬಿಚ್ಚುತ್ತ, ನನ್ನ ಮುಖ ನೋಡದೆ ಮಾತಾಡಿದ. ಬಾವುಟವನ್ನು ಹೀಗೆಲ್ಲ ಏರಿಸಿದರೆ ಬಂದರಿನ ಕಚೇರಿಯವರು ಬಲೆಯ ಪರವಾನಗಿಯನ್ನೇ ಕಿತ್ತುಕೊಳ್ಳುತ್ತಾರೆ ಅಂದ. ಅಷ್ಟಕ್ಕೇ ಬಿಡಲಿಲ್ಲ.

"ಎತೆಲ್ವಿನಕ್ಕ, ಕೂಗೋದನ್ನೂ ಇನ್ನು ಬಿಟ್ಬಿಡಿ. ದೋಣೀಲಿ ಮೊಬೈಲ್ ಇದೆ, ಮಂಜಲ್ಲಿ ದಾರಿ ತೋರ್ಸೋ ಯಂತ್ರ ಇದೆ. ನೀವು ಮನೇಲಿ ಆರಾಮಾಗಿರಿ."

"ನನ್ನ ದನಿ ಕೇಳಿ ಎಷ್ಟು ಸಲ ದಡ ಸೇರಿದ್ದೀಯ, ಲೆಕ್ಕ ಇದೆಯೇನೋ?"

"ಇಲ್ಲ ಅಂದ್ನಾ ಅಕ್ಕ? ಬಿಟ್ಬಿಡಿ ಅಂದೆ."

ಇದೂ ಅವಳದೇ ಕಿತಾಪತಿ ಅಂದುಕೊಂಡೆ. ಅಲ್ಲಿಂದ ನೆಟ್ಟಗೆ ಅವಳ ಮನೆಗೆ ಹೋದೆ.

ಮಧ್ಯಾಹ್ನ. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಕೂದಲು ಇನ್ನೂ ಒದ್ದೆ. ತಮ್ಮನ ಫೋಟೋದ ಮುಂದೆ ದೀಪ ಉರಿಯುತ್ತಿತ್ತು, ಅದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು. ಯಾವ ಮುಖ ಇಟ್ಟುಕೊಂಡು ಹಚ್ಚುತ್ತೀಯ ಎಂದು ಕೇಳಿದೆ. ಆ ದಿನ ನಡೆದದ್ದನ್ನು ಅವಳಿಗೆ ಮತ್ತೊಮ್ಮೆ ಹೇಳಿದೆ, ಏಕೆಂದರೆ ಆ ದಿನ ಅವಳು ಪೇಟೆಯಲ್ಲಿದ್ದಳು, ಕಂಡವಳು ನಾನು. ವಾಪಸು ಬರುವಾಗ ದೋಣಿ ಅಡ್ಡ ತಿರುಗಿ ಮಗುಚಿತು. ಅದರಲ್ಲಿದ್ದವರು ನಾಲ್ವರು. ಒರಾಸಿಯು ಮತ್ತು ಇನ್ನಿಬ್ಬರು ಹೇಡಿಗಳ ಹಾಗೆ ದೋಣಿಯ ಹೊಟ್ಟೆಯನ್ನು ತಬ್ಬಿಕೊಂಡರು. ನನ್ನ ತಮ್ಮನೊಬ್ಬನೇ ಅದನ್ನು ಬಿಟ್ಟು ಈಚೆ ಬಂದ. ನೊರೆಯ ನಡುವೆ ಅವನ ತಲೆ, ಹೆಗಲು ಕಂಡೆ. ದಡದ ಕಡೆ, ನನ್ನ ಕಡೆಯೇ ನೋಡುತ್ತಿದ್ದ. ನಾನು ಕೂಗಿದೆ. ಜನ್ಮದಲ್ಲಿ ಹಾಗೆ ಕೂಗಿರಲಿಲ್ಲ. ಈಚೆ ಬಾ ಅಬೀಲಿಯು, ಈಚೆ ಬಾ. ಅವನು ನನ್ನ ದನಿ ಹಿಡಿದು ಹೊರಟ. ಅಷ್ಟರಲ್ಲಿ ಸಮುದ್ರ ಎಳೆದುಕೊಂಡಿತು. ಅವನ ಕಿವಿಗೆ ಕೊನೆಗೆ ಬಿದ್ದದ್ದು ಅಕ್ಕನ ದನಿ. ಪ್ರತಿ ವರ್ಷ ಅವನ ನೆನಪಿನ ಪೂಜೆಯ ದಿನ ನಾನು ಇದನ್ನು ಚರ್ಚಿನಲ್ಲಿ ಎದ್ದುನಿಂತು ಹೇಳುತ್ತೇನೆ. ಇಡೀ ಕಂಪನಿ ತಲೆ ತಗ್ಗಿಸಿ ಕೇಳುತ್ತದೆ. ಈ ಮೂರು ವರ್ಷ ನನ್ನ ಜೀವ ಹಿಡಿದಿರುವುದು ಅದೊಂದರ ಮೇಲೆ.

ದಿಯೊಲಿಂಡಾ ಚಾಕು ಕೆಳಗಿಟ್ಟಳು.

"ಅತ್ತಿಗೆ, ಆ ಮಾತು ಇನ್ಮೇಲೆ ಆಡ್ಬೇಡಿ. ನಿಮ್ಮ ದಮ್ಮಯ್ಯ."

"ಯಾಕೆ? ಕೇಳಕ್ಕೆ ನಾಚಿಕೆ ಆಗುತ್ತಾ?"

"ನನಗೇನು ಬೇಕಾದ್ರೂ ಅನ್ನಿ. ಆ ಮಾತೊಂದು ಬಿಡಿ."

ಆ ನೀರಿಗೆ ಹೋಗುವುದನ್ನು ಬಿಡುತ್ತೀಯಾ ಎಂದು ಕೇಳಿದೆ. ಇಲ್ಲ ಅಂದಳು. ಮೆಲ್ಲಗೆ ಅಂದಳು, ಆದರೆ ಇಲ್ಲ ಅಂದಳು. ಅಲ್ಲಿ ಇದ್ದಾಗ ಮಾತ್ರ ಅವರು ನನ್ನ ಪಕ್ಕ ಇದ್ದಾರೆ ಅನ್ನಿಸುತ್ತೆ ಎಂದು ಏನೋ ಶುರು ಮಾಡಿದಳು, ನಾನು ಮುಗಿಸಲು ಬಿಡಲಿಲ್ಲ. ನಾಳೆ ಬಾವುಟ ಏರಿದ ಮೇಲೆ ನೀನು ಅಲ್ಲಿ ಕಂಡರೆ ಜುಟ್ಟು ಹಿಡಿದು ಎಳೆದು ತರುತ್ತೇನೆ, ಇದು ನನ್ನ ಅಮ್ಮನ ಮೇಲಾಣೆ ಎಂದು ಹೇಳಿ ಬಾಗಿಲು ಬಡಿದು ಬಂದೆ.

ಮರುದಿನ ಬೆಳಿಗ್ಗೆ ಅರ್ಧ ಭರತ ಏರಿತ್ತು. ಬಿಸಿಲು, ಗಾಳಿಯಿಲ್ಲ, ಅಲೆ ಟೆಲ್ಮುವಿನ ಬೋರ್ಡಿನಲ್ಲಿ ಬರೆದ ಹಾಗೆಯೇ. ದೋಣಿ ಇನ್ನೂ ಮರಳಿನ ಮೇಲಿತ್ತು, ಗಂಡಸರು ಬಲೆ ಹೇರುತ್ತಿದ್ದರು. ಅವಳು ಅಲ್ಲೇ ಇದ್ದಳು, ಅದೇ ಜಾಗದಲ್ಲಿ. ನಾನು ಬಾವುಟ ಏರಿಸಿದೆ. ಅವಳು ದಡದ ಕಡೆ ಒಮ್ಮೆ ನೋಡಿದಳು, ಅಲುಗಾಡಲಿಲ್ಲ. ಈ ಬೇಸಗೆಯಲ್ಲಿ ಮೊದಲನೇ ಸಲ ನನ್ನ ಬಾವುಟಕ್ಕೆ ಕೇರ್ ಮಾಡಲಿಲ್ಲ. ಹಗ್ಗದ ಹೆಂಗಸರು ಈಗ ಇವಳು ಏನು ಮಾಡುತ್ತಾಳೆ ಎಂದು ನನ್ನನ್ನೇ ನೋಡುತ್ತಿದ್ದರು. ಒಬ್ಬಳು ಕೇಳಿಯೂಬಿಟ್ಟಳು, ಜುಟ್ಟು ಹಿಡಿಯೋದು ಯಾವಾಗ ಅಂತ. ಆಣೆ ಇಟ್ಟ ಸುದ್ದಿಯನ್ನು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನೇ.

ಲಂಗ ಎತ್ತಿ ಕಟ್ಟಿ ನೀರಿಗಿಳಿದೆ. ಮೊಣಕಾಲು ದಾಟಿತು. ಸೊಂಟ ದಾಟಿತು. ಸಿಟ್ಟಿನಲ್ಲಿ ನೀರು ತಣ್ಣಗಿದ್ದದ್ದೂ ಗೊತ್ತಾಗಲಿಲ್ಲ. ಬಾರೇ ಹೊರಗೆ ಎಂದು ಬೈಯುತ್ತಲೇ ಇನ್ನೊಂದು ಹೆಜ್ಜೆ ಇಟ್ಟೆ, ಕೆಳಗೆ ನೆಲವೇ ಇರಲಿಲ್ಲ.

ಬಾಯಿ ತೆರೆದಿದ್ದೆ, ಬಾಯಿ ತುಂಬ ನೀರು. ಲಂಗ ಕಾಲಿಗೆ ಸುತ್ತಿಕೊಂಡಿತು. ಮೇಲೆ ಬಂದೆ, ಮತ್ತೆ ಹೋದೆ. ನೀರು ನನ್ನನ್ನು ಅಡ್ಡಡ್ಡ ಎಳೆದುಕೊಂಡು ದಡದಿಂದ ಆಚೆ ಒಯ್ಯುತ್ತಿತ್ತು. ಆಯಿತು, ತಮ್ಮನ ಹಿಂದೆಯೇ ನನ್ನನ್ನೂ ತೆಗೆದುಕೊಳ್ಳುತ್ತಿದೆ ಅಂದುಕೊಂಡೆ. ಯಾರೋ ನನ್ನ ರವಿಕೆಯ ಕೊರಳು ಹಿಡಿದು ಎತ್ತಿದರು. ಅವಳೇ. ಹಲಗೆಯ ಮೇಲೆ ಮಲಗಿ ನೀರು ಬಗೆಯುತ್ತ ಬಂದಿದ್ದಳು. ಅಂಥ ಹೊತ್ತಿನಲ್ಲೂ ಅವಳ ಮುಖಕ್ಕೆ ಒಂದು ಬಾರಿಸಿದೆ. ಅವಳು ನನ್ನ ಎದೆಯನ್ನು ಹಲಗೆಯ ಮೇಲೆ ಎಳೆದುಹಾಕಿಕೊಂಡು, ಕಾಲು ಬಡಿದು ಅಲೆ ಒಡೆಯುವ ಕಡೆಗೇ ಒಯ್ದಳು. ದಡಕ್ಕಲ್ಲ, ಇನ್ನೂ ಆಚೆಗೆ. ಕೊಲ್ಲಲಿಕ್ಕೇ ಒಯ್ಯುತ್ತಿದ್ದಾಳೆ ಎಂದು ಗಟ್ಟಿಯಾಗಿ ಅರಚಿದೆ.

"ಕಾಲು ಕೆಳಗಿಡಿ, ಅತ್ತಿಗೆ."

"ಮುಳುಗಿ ಸಾಯ್ಲಿ ಅಂತಾನಾ?"

"ಕಾಲು ಕೆಳಗಿಡಿ."

ಇಟ್ಟೆ. ಮರಳು ಸಿಕ್ಕಿತು. ಮೆದು ಮರಳಲ್ಲ, ಕಣದ ನೆಲದ ಹಾಗೆ ಗಟ್ಟಿ. ನಿಂತುಕೊಂಡೆ. ನೀರು ನನ್ನ ಎದೆಯವರೆಗೆ ಬಂತು. ಒಂದು ನೊರೆ ಬಂದು ಭುಜಕ್ಕೆ ತಟ್ಟಿ ಮುಂದೆ ಹೋಯಿತು. ಮೇಲಿಂದ ಎಷ್ಟು ಸದ್ದು ಮಾಡುತ್ತದೋ ಅದರಲ್ಲಿ ಅಷ್ಟು ಬಲವಿರಲಿಲ್ಲ. ನಾನು ನಿಂತೇ ಇದ್ದೆ. ಅಬೀಲಿಯು ನನಗಿಂತ ಒಂದು ಗೇಣು ಎತ್ತರ.

ದಡದಲ್ಲಿ ಗದ್ದಲವೆದ್ದಿತ್ತು. ಹಗ್ಗದ ಹೆಂಗಸರೆಲ್ಲ ನೀರಿನಂಚಿಗೆ ಬಂದು, ಎರಡೂ ಕೈ ಎತ್ತಿ ಬೀಸಿ, ಒಂದೇ ದನಿಯಲ್ಲಿ ಕೂಗುತ್ತಿದ್ದರು. ಈಚೆ ಬಾ ಎತೆಲ್ವಿನಾ, ಈಚೆ ಬಾ. ಅಷ್ಟು ಹತ್ತಿರ ಕಾಣುತ್ತಿದ್ದರು, ಒಬ್ಬೊಬ್ಬರ ಮುಖ ಗುರುತು ಸಿಗುವಷ್ಟು. ನನ್ನ ಕಾಲು ತಾನಾಗಿಯೇ ಅವರ ಕಡೆ ಹೊರಟಿತು. ದಿಯೊಲಿಂಡಾ ನನ್ನ ರವಿಕೆಯನ್ನು ಬೆನ್ನ ಹಿಂದಿನಿಂದ ಗಟ್ಟಿಯಾಗಿ ಹಿಡಿದಳು.

"ಹೋಗ್ಬೇಡಿ. ದಡಕ್ಕೂ ಈ ಮರಳ ದಿಬ್ಬಕ್ಕೂ ಮಧ್ಯದಲ್ಲಿ ಹೊಂಡ ಇದೆ. ಇಲ್ಲೇ ನಿಂತಿದ್ರೆ ಏನೂ ಆಗಲ್ಲ."

ನಾನು ನಿಂತೆ. ನಿಂತು ದಡವನ್ನು ನೋಡಿದೆ. ಒರಾಸಿಯು ದೋಣಿಯ ಹತ್ತಿರದಿಂದ ಓಡಿಬಂದ. ಅವನೂ ಕೂಗುತ್ತಾನೆ ಅಂದುಕೊಂಡೆ. ಕೂಗಲಿಲ್ಲ. ಹೆಂಗಸರ ನಡುವೆ ನುಗ್ಗಿ, ಎತ್ತಿದ ಅವರ ಕೈಗಳನ್ನು ಒಂದೊಂದಾಗಿ ಹಿಡಿದು ಕೆಳಗಿಳಿಸುತ್ತಿದ್ದ. ಒಬ್ಬಳ ಬಾಯಿಯನ್ನು ಅಂಗೈಯಿಂದ ಮುಚ್ಚಿದ.

ಅವನಿಗೆ ಗೊತ್ತಿತ್ತು. ದೋಣಿ ಬಿಡದೆ ಇಲ್ಲೇ ಉಳಿದುಕೊಂಡ ಮೂವರಿಗೂ ಗೊತ್ತಿತ್ತು, ಚರ್ಚಿನಲ್ಲಿ ತಲೆ ತಗ್ಗಿಸಿದ ಗಂಡಸರಿಗೆಲ್ಲ ಗೊತ್ತಿತ್ತು. ಅವರು ತಗ್ಗಿಸಿದ್ದು ಯಾಕೆ ಎಂದು ಈಗ ನನಗೂ ಗೊತ್ತಾಯಿತು.

"ನಿನಗೆ ಯಾವಾಗಿಂದ ಗೊತ್ತು?" ಎಂದು ಹಿಂದೆ ತಿರುಗದೆ ಕೇಳಿದೆ.

"ಇಲ್ಲಿಗೆ ಬಂದು ಕಾಲಿಟ್ಟ ಮೊದಲನೇ ದಿನವೇ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿ ಏನ್ಮಾಡೋದಿತ್ತು, ಅತ್ತಿಗೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ನಾನು ಬೀದಿಯಲ್ಲಿ ಉಗಿದಾಗ, ಚರ್ಚಿನ ಮೆಟ್ಟಿಲ ಮೇಲೆ ಹೆಸರು ಕೆಡಿಸಿದಾಗ, ಅವಳದೇ ಅಡುಗೆಮನೆಯಲ್ಲಿ ನಿಂತು ಅವನ ಕಿವಿಗೆ ಬಿದ್ದ ಕೊನೆಯ ದನಿಯ ಜಂಬ ಕೊಚ್ಚಿದಾಗ, ಒಂದೇ ಒಂದು ಮಾತಿನಲ್ಲಿ ನನ್ನನ್ನು ಸುಟ್ಟು ಬೂದಿ ಮಾಡಬಹುದಿತ್ತು ಇವಳು. ಬಾಯಿ ಬಿಡಲಿಲ್ಲ. ಇಡೀ ಊರಿನಲ್ಲಿ ನನ್ನ ಮೇಲೆ ಕನಿಕರ ಪಟ್ಟುಕೊಂಡು ತಿರುಗಿದಳು. ಗಂಡನನ್ನು ಹೊಂಡಕ್ಕೆ ಕರೆದವಳ ಪಕ್ಕದಲ್ಲಿ ದಿನಾ ಬೆಳಿಗ್ಗೆ ಬಂದು ನಿಂತು ಹಗ್ಗ ಸುತ್ತಿದಳು. ಅದಕ್ಕೆ ಅವಳನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

"ಕೈ ತೆಗಿ," ಅಂದೆ. ತೆಗೆಯಲಿಲ್ಲ.

ದಡದಲ್ಲಿ ಒರಾಸಿಯು ಒಬ್ಬಳ ಕೈ ಇಳಿಸಿದರೆ ಇನ್ನೊಬ್ಬಳು ಎತ್ತುತ್ತಿದ್ದಳು. ಈಚೆ ಬಾ, ಈಚೆ ಬಾ. ಬಾಯಿ ಮುಚ್ಚಿ ಎಂದು ನಾನು ಕಿರುಚಿದೆ, ನನಗಿದ್ದ ದನಿಯನ್ನೆಲ್ಲ ಹಾಕಿ ಕಿರುಚಿದೆ. ನೊರೆಯ ಸದ್ದಿನಲ್ಲಿ ಅದು ದಡಕ್ಕೆ ಕೇಳಿಸಲಿಲ್ಲ. ಅವರ ಕೂಗು ಮಾತ್ರ ನನಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು.